ಬಾಯಾಗಿನ ಅಪರೂಪದ ಗಂಟು ಪತ್ತೆ ಹಚ್ಚೋದು ಹೆಂಗ: ಡೆಂಟಿಸ್ಟ್‌ಗಳಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಬಾಯಾಗ ಗಂಟು ಅಂತ ಬಂದ ಪೇಷಂಟ್ ನೋಡೋ ಡೆಂಟಿಸ್ಟ್‌ಗಳಿಗೆ, ಹೌಸ್ ಸರ್ಜನ್ ಹುಡುಗ-ಹುಡುಗೀರಿಗೆ ಬರದಿದ್ದು ಇದು. ಶಿಗ್ಗಾಂವಿ, ಮುಂಡರಗಿ, ರೋಣ, ಕಲಘಟಗಿ, ಹಾನಗಲ್ ಕಡೆಯಿಂದ ನಮ್ಮ ಪೆಥಾಲಜಿ ಟೇಬಲ್ಲಿಗೆ ಬರೋ ಗಂಟಿನ ತುಂಡಿನ ಡಬ್ಬಿ ನೋಡಿ ನೋಡಿ ಒಂದು ಮಾತು ಖಾತ್ರಿ ಆಗೈತಿ: ಅಪರೂಪದ ಗಂಟು ತಪ್ಪಿ ಹೋಗೋದು ಮೈಕ್ರೋಸ್ಕೋಪ್ ಕೆಳಗ ಕಡಿಮಿ, ಅದಕ್ಕೂ ಮೊದಲ ಡೆಂಟಲ್ ಚೇರ್‌ನ್ಯಾಗ ಜಾಸ್ತಿ. ಗಂಟು ಕಂಡ ಕೂಡ್ಲೇ ಬ್ಲೇಡ್ ಹಿಡೀತಾರ, ಪೂರ್ತಿ ಕಿತ್ತು ಹಾಕ್ತಾರ, ಒಂದು ಫೋಟೋ ಇರಂಗಿಲ್ಲ, ಚೀಟಿ ಮ್ಯಾಲೆ "ಫೈಬ್ರೋಮಾ" ಅಂತ, ಅಂದ್ರ ನಾರಿನ ಮಾಮೂಲಿ ಸಾಧು ಗಂಟು ಅಂತ, ಒಂದ ಶಬ್ದ ಬರದು ಕಳಸ್ತಾರ. ಆಮ್ಯಾಲೆ ರಿಪೋರ್ಟ್‌ನ್ಯಾಗ ಬ್ಯಾರೇನರ ಬಂತಂದ್ರ ಗಂಟು ಎಲ್ಲೆ ಇತ್ತು, ಎಷ್ಟು ಆಳ ಇತ್ತು, ಅಂಚಿನಾಗ ಏನು ಉಳಿದೈತಿ, ಯಾರಿಗೂ ಗೊತ್ತಿರಂಗಿಲ್ಲ.

ನಮ್ಮ ಕಡೆ ಇನ್ನೊಂದು ತೊಂದರಿ ಐತಿ. ಗುಟ್ಕಾ, ಮಾವಾ, ಸುಣ್ಣ-ತಂಬಾಕು ತಿನ್ನೋರು ಭಾಳ ಮಂದಿ, ಹಿಂಗಾಗಿ ಬಾಯಾಗ ಗಟ್ಟಿ ಏನ ಕಂಡ್ರೂ ಮನಸ್ಸು ಸೀದಾ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾಕ್ಕ (ಬಾಯಿ ಮ್ಯಾಲ್ಪದರದ ಮಾಮೂಲಿ ಕ್ಯಾನ್ಸರ್) ಓಡತೈತಿ, ಅದು ಅಲ್ಲ ಅನಿಸ್ತಂದ್ರ "ಫೈಬ್ರೋಮಾ ಬಿಡ್ರಿ" ಅಂತ ಮುಗಿಸ್ತೀವಿ. ಈ ಎರಡರ ನಡುವ ನರದ ಗಂಟು, ಸ್ನಾಯುವಿನ ಗಂಟು, ಕೊಬ್ಬಿನ ಗಂಟು, ರಕ್ತನಾಳದ್ದು, ಸಣ್ಣ ಜೊಲ್ಲಿನ ಗ್ರಂಥಿದು, ಅಪರೂಪಕ್ಕ ಸಾರ್ಕೋಮಾ (ಸ್ನಾಯು, ಕೊಬ್ಬು, ರಕ್ತನಾಳ, ಎಲುಬಿನಂಥ ಭಾಗದ ಕ್ಯಾನ್ಸರ್), ಇಷ್ಟೆಲ್ಲಾ ಅವ. ತಲೆ-ಕುತ್ತಿಗೆ ಕ್ಯಾನ್ಸರ್‌ಗಳ ಪೈಕಿ ಸಾರ್ಕೋಮಾ ನೂರಕ್ಕೆ 1ರ ಆಸುಪಾಸು ಅಷ್ಟ. ಅಪರೂಪ ಖರೆ, ಆದ್ರ ನಿಮ್ಮ ಕುರ್ಚ್ಯಾಗ ಕುಂತವರಿಗೆ ಅದ ಬಂದಿದ್ರ ಆ ಲೆಕ್ಕ ಏನೂ ಉಪಯೋಗಕ್ಕ ಬರಂಗಿಲ್ಲ.

ಪೇಷಂಟ್ ಕಡೆಯವ್ರು ಯಾರರ ಓದಾಕತ್ತಿದ್ರ ಹಂತಗಳನ್ನ ಬಿಟ್ಟು ಕೆಳಗಿನ "ಅಪಾಯದ ಗುರುತು" ಭಾಗ ಓದ್ರಿ ಸಾಕು. ಎರಡು ವಾರ ದಾಟಿದ್ರೂ ಹೋಗದ ಗಂಟು, ಹುಣ್ಣು ಇದ್ರ ತೋರಸ್ರಿ, ಮೆಡಿಕಲ್ ಅಂಗಡ್ಯಾಗ ಗುಳಿಗಿ ಕೇಳ್ಕೋತ ಕೂಡಬ್ಯಾಡ್ರಿ.

## ಮೊದಲ ಸಾಮಾನು ಜೋಡಿಸ್ಕೊಳ್ರಿ

ದೊಡ್ಡ ಮಷಿನ್ ಏನೂ ಬ್ಯಾಡ. ನೋಡಾಕ ಎರಡು ಮೌತ್ ಮಿರರ್, ಛಲೋ ಬೆಳಕು, ಗಾಜ್ ತುಂಡು, ಅಳತಿ ಗೆರಿ ಇರೋ ಪೆರಿಯೋ ಪ್ರೋಬ್ ಇಲ್ಲಾ ಸಣ್ಣ ಸ್ಕೇಲ್, ಒಂದು ಗಾಜಿನ ಸ್ಲೈಡ್, ಸ್ಟೆಥೋಸ್ಕೋಪ್, ಮೊಬೈಲ್ ಕ್ಯಾಮೆರಾ. ಸ್ಟೆಥೋಸ್ಕೋಪ್ ಯಾಕ ಅಂತ ನಾಲ್ಕನೇ ಹಂತದಾಗ ಬರ್ತೈತಿ.

ತುಂಡು ತಗಿಯಾಕ 15 ನಂಬರ್ ಬ್ಲೇಡ್, 3-0 ಸಿಲ್ಕ್, ಸಣ್ಣ ಟಿಶ್ಯೂ ಫೋರ್ಸೆಪ್ಸ್, ಅಗಲ ಬಾಯಿನ ಡಬ್ಬಿ ಎರಡು ಮೂರು, 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್. ಫಾರ್ಮಲಿನ್ ಅಂತೂ ಮೊದಲ ತರಿಸಿ ಇಟ್ಕೊಂಡಿರ್ರಿ. ತುಂಡು ತಗದಮ್ಯಾಲೆ "ಅಯ್ಯ, ಫಾರ್ಮಲಿನ್ ಇಲ್ಲಲ್ಲ" ಅಂತ ಸಲೈನ್‌ನ್ಯಾಗ ಹಾಕಿ ಕಳಸಿದ ಕೇಸ್ ಭಾಳ ಬರ್ತಾವ, ಅವು ದಾರ್ಯಾಗ ಕೊಳೀತಾವ.

## ಹಂತ 1: ಕೇಳ್ರಿ

"ಎಷ್ಟು ದಿನ ಆತ್ರಿ?" ಅಂತ ಕೇಳೋದು ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಖ್ಯ ಬೆಳದ ವೇಗ. ಹೋದ ಹಬ್ಬಕ್ಕ ಎಷ್ಟಿತ್ತು, ಈಗ ಎಷ್ಟೈತಿ ಅಂತ ಕೇಳ್ರಿ, ನಮ್ಮ ಮಂದಿಗೆ ತಾರೀಖು ನೆನಪಿರಂಗಿಲ್ಲ, ಯುಗಾದಿ, ಪಂಚಮಿ, ಬಿತ್ತಗಿ, ಸುಗ್ಗಿ ನೆನಪಿರ್ತಾವ. ವರ್ಷಗಟ್ಟಲೆ ಕಡಲಿ ಕಾಳಿನಷ್ಟ ಇದ್ದು ಹಂಗ ಕುಂತದ್ದು ಬ್ಯಾರೆ, ಒಂದೂವರೆ ತಿಂಗಳದಾಗ ನಿಂಬಿಹಣ್ಣಿನಷ್ಟು ಆದದ್ದು ಬ್ಯಾರೆ. ದೊಡ್ಡದಾಗಿ ಮತ್ತ ಸಣ್ಣದಾಗ್ತೈತಿ ಅಂದ್ರ ಮ್ಯೂಕೋಸೀಲ್ (ಜೊಲ್ಲು ತುಂಬಿದ ಗುಳ್ಳಿ), ರಕ್ತನಾಳದ ಗಂಟು, ಇಲ್ಲಾ ಸೋಂಕು ತಲ್ಯಾಗ ಇಟ್ಕೊಳ್ರಿ.

ಆಮ್ಯಾಲೆ ಇವನ್ನ ಬಿಡಲಾರದ ಕೇಳ್ರಿ: ತುಟಿ, ಗದ್ದ, ನಾಲಿಗಿ ಜೋಮು ಹಿಡದೈತೇನು? ತಾನ ರಕ್ತ ಬರ್ತೈತೇನು? ಆ ಜಾಗಾದಾಗ ಹಲ್ಲು ಕಿತ್ತಿಸಿದ್ರೇನು, ಕಿತ್ತಮ್ಯಾಲೆ ಗುಣಿ ಮಾಯ್ತೋ ಇಲ್ಲೋ? ಹಿಂದ ಯಾವುದರ ಕ್ಯಾನ್ಸರ್ ಆಗಿತ್ತೇನು? ಈ ಕೊನೀ ಪ್ರಶ್ನೆ ಯಾರೂ ಕೇಳಂಗಿಲ್ಲ. ಎದೀದು, ಪುಪ್ಪಸದ್ದು, ಕಿಡ್ನಿದು ಕ್ಯಾನ್ಸರ್ ವಸಡಿಗೆ ಬಂದು ಕುಂತಾಗ ಥೇಟ್ ಪಯೋಜೆನಿಕ್ ಗ್ರಾನ್ಯುಲೋಮಾ (ಕಿರಿಕಿರಿಯಿಂದ ಆಗೋ ಸಾಧು ಗಂಟು) ಹಂಗ ಕೆಂಪಗ ಕಾಣತೈತಿ. ಕೆಲವು ಸಲ ಮೂಲ ಕ್ಯಾನ್ಸರ್ ಪತ್ತೆ ಆಗೋದಕ್ಕಿಂತ ಮೊದಲ ಅದು ಬಾಯಾಗ ಕಾಣಿಸ್ಕೊಂಡಿರ್ತೈತಿ.

ಔಷಧ ಯಾವ ತಗೋತಾರ ಅಂತ ಚೀಟಿ, ಗುಳಿಗಿ ಪಟ್ಟಿ ತರಿಸಿ ಕಣ್ಣಿಲೆ ನೋಡ್ರಿ. ಬಿಪಿಗೆ ಅಮ್ಲೋಡಿಪಿನ್, ಫಿಟ್ಸಿಗೆ ಫೆನಿಟಾಯಿನ್, ಕಿಡ್ನಿ ಕಸಿ ಆದವ್ರಿಗೆ ಸೈಕ್ಲೋಸ್ಪೊರಿನ್, ಇವು ವಸಡು ಉಬ್ಬಸ್ತಾವ. ರಕ್ತ ತೆಳ್ಳಗ ಮಾಡೋ ಗುಳಿಗಿ ಇದ್ರ ಫಿಜಿಷಿಯನ್ ಜೊತಿ ಮಾತಾಡ್ರಿ, ನೀವ ನಿಲ್ಲಸಬ್ಯಾಡ್ರಿ. ಬಸುರಿ ಇದ್ರ ವಸಡಿನ ಕೆಂಪು ಗಂಟು ಭಾಳ ಸಲ ಪಯೋಜೆನಿಕ್ ಗ್ರಾನ್ಯುಲೋಮಾನ, ಜಾಸ್ತಿ ರಕ್ತ, ಜಾಸ್ತಿ ಬೆಳವಣಿಗಿ ಇಲ್ಲದಿದ್ರ ಹೆರಿಗಿ ತನಕ ಕಾಯಬಹುದು.

ಗುಟ್ಕಾ ಬಗ್ಗೆ ಕೇಳಾಕ ಬೇಕು, ಆದ್ರ "ಗುಟ್ಕಾ ಇಲ್ಲ ಅಂದ್ರ ಕ್ಯಾನ್ಸರ್ ಇಲ್ಲ" ಅನ್ನೋ ಲೆಕ್ಕ ಇಲ್ಲೆ ನಡಿಯಂಗಿಲ್ಲ. ಸಾರ್ಕೋಮಾಕ್ಕ, ಜೊಲ್ಲಿನ ಗ್ರಂಥಿ ಗಂಟಿಗೆ ಗುಟ್ಕಾದ ಹಂಗಿಲ್ಲ.

## ಹಂತ 2: ನೋಡ್ರಿ, ಮುಟ್ರಿ, ಅಳತಿ ತಗೋರಿ

ಕವಳಿ (ಹಾಕ್ಕೊಂಡ ಹಲ್ಲಿನ ಸೆಟ್) ಇದ್ರ ತಗಸ್ರಿ, ಗಂಟಿನ ಕಡೆ ಹೋಗೋ ಮೊದಲ ಇಡೀ ಬಾಯಿ ನೋಡ್ರಿ. ನಾಲಿಗಿನ ಗಾಜ್ ಹಿಡಕೊಂಡು ಹೊರಗ ಎಳದು ಎರಡೂ ಬಾಜು ಹಿಂದಿನ ತನಕ ನೋಡ್ರಿ, ನಾಲಿಗಿ ಕೆಳಗ, ಅಂಗಳ (ಬಾಯಿ ಒಳಗಿನ ಮ್ಯಾಲ್ಛಾವಣಿ), ಗಲ್ಲದ ಒಳಗ, ವಸಡು ಎಲ್ಲಾ. ಸಬ್‌ಮ್ಯೂಕಸ್ ಫೈಬ್ರೋಸಿಸ್ (ಅಡಕಿ-ಗುಟ್ಕಾದಿಂದ ಬಾಯಿ ಒಳಪದರ ಬಿಗಿಯೋ ರೋಗ) ಇದ್ರ ಬಾಯಿ ಎರಡು ಬೆರಳಷ್ಟೂ ತಗಿಯಂಗಿಲ್ಲ. ಹಂತಾವ್ರಿಗೆ ನಿಮ್ಮ ಕ್ಲಿನಿಕ್‌ನ್ಯಾಗ ಹಿಂದಿನ ಜಾಗಾದ ತುಂಡು ತಗಿಯೋ ಸಾಹಸ ಮಾಡಬ್ಯಾಡ್ರಿ, ಕಣ್ಣಿಗೆ ಕಾಣದ ಕಡೆ ಕೈ ಹಾಕಿದ್ರ ರಕ್ತ ನಿಲ್ಲಸೋದು ಕಷ್ಟ.

ಗಂಟು ಅಲ್ಲದ್ದನ್ನ ಗಂಟು ಅಂತ ಕತ್ತರಸೋದೂ ನಡದೈತಿ. ನಾಲಿಗಿ ಬುಡದಾಗ ಸಾಲಾಗಿ ಇರೋ ದೊಡ್ಡ ಪ್ಯಾಪಿಲ್ಲಾ, ನಾಲಿಗಿ ಬಾಜುಕ ಹಿಂದ ಇರೋ ಫೋಲಿಯೇಟ್ ಪ್ಯಾಪಿಲ್ಲಾ, ಮ್ಯಾಲಿನ ದವಡಿ ಹಲ್ಲಿನ ಎದುರು ಗಲ್ಲದಾಗ ಪೆರೋಟಿಡ್ ನಾಳದ ಬಾಯಿ, ಇವು ದೇವರು ಕೊಟ್ಟದ್ದು. ಬಲಗಡೆ ಇದ್ದದ್ದು ಎಡಗಡೆನೂ ಐತೇನು ನೋಡ್ರಿ, ಇದ್ರ ಬ್ಲೇಡ್ ಕೆಳಗಿಡ್ರಿ.

ಈಗ ಗಂಟು. ಅಂದಾಜಿಲೆ "ಸಣ್ಣದು" ಅಂತ ಬರೀಬ್ಯಾಡ್ರಿ, ಉದ್ದ-ಅಗಲ ಮಿಲಿಮೀಟರ್‌ನ್ಯಾಗ ಬರೀರಿ. ದಂಟು ಐತೋ, ಬುಡ ಅಗಲ ಐತೋ? ಮ್ಯಾಲಿನ ಚರ್ಮ ನುಣ್ಣಗ ಐತೋ, ಹುಣ್ಣಾಗೈತೋ? ಬಣ್ಣ ಏನು? ಹಳದಿ ಅಂದ್ರ ಲೈಪೋಮಾ (ಕೊಬ್ಬಿನ ಗಂಟು) ಇರಬಹುದು. ನೀಲಿ ಅಂದ್ರ ಮ್ಯೂಕೋಸೀಲ್, ರಕ್ತನಾಳದ್ದು, ಇಲ್ಲಾ ನೀರುಗುಳ್ಳಿ ಹಂಗ ವೇಷ ಹಾಕಿದ ಮ್ಯೂಕೋಎಪಿಡರ್ಮಾಯ್ಡ್ ಕಾರ್ಸಿನೋಮಾ (ಜೊಲ್ಲಿನ ಗ್ರಂಥಿಯ ಕ್ಯಾನ್ಸರ್). ಕರಿ ಬಣ್ಣ, ಅದೂ ಅಂಗಳದ ಮ್ಯಾಲೆ ಇಲ್ಲಾ ಮ್ಯಾಲಿನ ವಸಡಿನ್ಯಾಗ, ಅಂಚು ಸೊಟ್ಟ-ಪಟ್ಟ, ಹೊಸದಾಗಿ ಬಂದದ್ದು ಅಂದ್ರ ಮೆಲನೋಮಾ (ಬಣ್ಣದ ಜೀವಕೋಶದ ಕ್ಯಾನ್ಸರ್) ಅಲ್ಲ ಅಂತ ರುಜುವಾತು ಆಗೋ ತನಕ ಬಿಡಬ್ಯಾಡ್ರಿ.

ಮುಟ್ಟೋದಕ್ಕ ಎರಡು ಕೈ ಬೇಕು. ಒಂದು ಬೆರಳು ಬಾಯಿ ಒಳಗ, ಇನ್ನೊಂದು ಕೈ ಹೊರಗಿನಿಂದ ಒತ್ತಿ, ನಡುವ ಗಂಟನ್ನ ಹಿಡೀರಿ. ಗಲ್ಲ, ತುಟಿ, ನಾಲಿಗಿ ಕೆಳಗಿನ ಜಾಗಾ ಹಿಂಗ ಮುಟ್ಟದ ಗೊತ್ತಾಗಂಗಿಲ್ಲ. ಅಲಗಾಡತೈತೋ, ಕೆಳಗಿನ ಎಲುಬಿಗೆ, ಸ್ನಾಯುವಿಗೆ ಅಂಟಿಕೊಂಡೈತೋ? ನಾ ನೋಡಿದ ಪೈಕಿ ಭಾಳ ಮಂದಿ ಕೈಬಿಡೋ ಹೆಜ್ಜಿ ಇದ. ಮ್ಯಾಲೆ ಕಾಣೋದು ಎಂಟು ಮಿಲಿಮೀಟರ್, ಬೆರಳಿಗೆ ಸಿಗೋದು ಮೂರು ಸೆಂಟಿಮೀಟರ್, ಅದನ್ನ "ಸಣ್ಣ ಗಂಟು" ಅಂತ ಅರ್ಧ ಕೊಯ್ದು ಹೊಲಿಗಿ ಹಾಕಿ ಕಳಸಿರ್ತಾರ.

ಕೊನೀಗೆ ಕುತ್ತಿಗಿ. ಪೇಷಂಟ್ ಹಿಂದ ನಿಂತು ಎರಡೂ ಕಡೆ ಗ್ರಂಥಿ ಮುಟ್ಟಿ ನೋಡ್ರಿ, ಅದನ್ನೂ ಬರೀರಿ, ಸಿಗಲಿಲ್ಲ ಅಂದ್ರ "ಸಿಗಲಿಲ್ಲ" ಅಂತ ಬರೀರಿ. ಫೋಟೋ ಎರಡು ತಗೀರಿ, ಒಂದು ದೂರಿಂದ ಜಾಗಾ ಗೊತ್ತಾಗೋ ಹಂಗ, ಒಂದು ಹತ್ರದಿಂದ ಪ್ರೋಬ್ ಬಾಜುಕ ಇಟ್ಟು. ಪೇಷಂಟ್‌ನ ಒಪ್ಪಿಗಿ ಕೇಳಿ, ಮುಖ ಬರದಂಗ. ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ಹೆಸರು ಸಮೇತ ಹಾಕೋದು ಬ್ಯಾಡ.

## ಹಂತ 3: ಜಾಗಾ ನೋಡಿ ಅನುಮಾನದ ಪಟ್ಟಿ ಮಾಡ್ರಿ

ಒಂದ ಹೆಸರು ಬರಿಯೋ ಚಟ ಬಿಡ್ರಿ, ಕನಿಷ್ಠ ಮೂರು ಬರೀರಿ, ಅದರಾಗ ಒಂದು ನಿಮಗ ಅಂಜಿಕಿ ಬರೋವಂಥದ್ದು ಇರಲಿ.

ವಸಡು. ಇಲ್ಲೆ ಬರೋ ಗಂಟು ಬಹುತೇಕ ಕಿರಿಕಿರಿಯಿಂದ ಆದದ್ದ: ಪಯೋಜೆನಿಕ್ ಗ್ರಾನ್ಯುಲೋಮಾ, ಪೆರಿಫೆರಲ್ ಆಸಿಫೈಯಿಂಗ್ ಫೈಬ್ರೋಮಾ, ಪೆರಿಫೆರಲ್ ಜಯಂಟ್ ಸೆಲ್ ಗ್ರಾನ್ಯುಲೋಮಾ. ಸತ್ತ ಹಲ್ಲಿನಿಂದ ಬರೋ ಕೀವಿನ ಗುಳ್ಳಿನೂ ಇಲ್ಲೇ. ಆದ್ರ ಇಡೀ ವಸಡು ಮೆತ್ತಗ ಉಬ್ಬಿ, ರಕ್ತ ಸೋರಿ, ಜ್ವರ, ನಿಶ್ಶಕ್ತಿ ಇತ್ತಂದ್ರ ಮೊದಲ ಸಿಬಿಸಿ (ರಕ್ತಕಣದ ಲೆಕ್ಕದ ಪರೀಕ್ಷೆ) ಮಾಡಸ್ರಿ. ಲ್ಯುಕೀಮಿಯಾ (ರಕ್ತದ ಕ್ಯಾನ್ಸರ್) ಇದ್ದಾಗ ಕೊಯ್ದು ಕುಂತ್ರ ರಕ್ತ ನಿಲ್ಲಂಗಿಲ್ಲ.

ನಾಲಿಗಿ. ಮ್ಯಾಲಿನ ಭಾಗದಾಗ ಗಟ್ಟಿ, ನೋವಿಲ್ಲದ, ಅಗಲ ಬುಡದ ಗಂಟು ಅಂದ್ರ ಗ್ರಾನ್ಯುಲರ್ ಸೆಲ್ ಟ್ಯೂಮರ್ (ನರದ ಕಡೆಯ, ಬಹುತೇಕ ಸಾಧು ಗಂಟು) ನೆನಸ್ರಿ. ಇದರ ಮ್ಯಾಲಿನ ಚರ್ಮ ಕೆಲವು ಸಲ ಬೇರು ಬಿಟ್ಟಂಗ ಕೆಳಗ ಇಳದಿರ್ತೈತಿ, ಮ್ಯಾಲಿಂದ ಮ್ಯಾಲೆ ಕೆರದು ಕಳಸಿದ ತುಂಡು ನೋಡಿದ್ರ ಸ್ಕ್ವಾಮಸ್ ಕಾರ್ಸಿನೋಮಾನ ಅನಿಸ್ತೈತಿ, ಅದರ ಮ್ಯಾಲೆ ಚೀಟ್ಯಾಗ "ಗುಟ್ಕಾ 10 ವರ್ಷ" ಅಂತ ಇದ್ರ ಓದೋವ್ರ ಮನಸ್ಸೂ ಅತ್ಲಾಗ ವಾಲ್ತೈತಿ, ಹಿಂಗಾಗಿ ಬ್ಯಾಡದ ದೊಡ್ಡ ಆಪರೇಷನ್ ತನಕ ಹೋಗೋ ಅಪಾಯ ಐತಿ. ನಾಲಿಗಿ ಮುಂದಿನ ಮ್ಯಾಲ್ಭಾಗದಾಗ ಎಕ್ಟೋಮೆಸೆಂಕೈಮಲ್ ಕಾಂಡ್ರೋಮಿಕ್ಸಾಯ್ಡ್ ಟ್ಯೂಮರ್ ಅಂತ ಒಂದು ಅಪರೂಪದ್ದು ಐತಿ, ಹೆಸರು ಉದ್ದ, ಸ್ವಭಾವ ಸಾಧು (ಕ್ಯಾನ್ಸರ್ ಅಲ್ಲ). ನರದ ಗಂಟಾದ ಶ್ವಾನೋಮಾ, ನ್ಯೂರೋಫೈಬ್ರೋಮಾನೂ ನಾಲಿಗ್ಯಾಗ ಬರ್ತಾವ, ನ್ಯೂರೋಫೈಬ್ರೋಮಾ ಅನುಮಾನ ಬಂದ್ರ ಅಂಗಿ ತಗಸಿ ಮೈಮ್ಯಾಲೆ ಕಾಫಿ ಬಣ್ಣದ ಕಲಿ ಅವೇನು ನೋಡ್ರಿ.

ಸಣ್ಣ ಹುಡುಗರು, ಹರೇದವ್ರ ನಾಲಿಗ್ಯಾಗ ಆಳದಾಗ, ರಕ್ತ ತುಂಬಿದಂಗ ಕಾಣೋ ಗಂಟನ್ನ ಹೆಮಾಂಜಿಯೋಮಾ (ರಕ್ತನಾಳದ ಸಾಧು ಗಂಟು) ಅಂತ ವರ್ಷಗಟ್ಟಲೆ ಬಿಟ್ಟಿರ್ತಾರ. ಆಲ್ವಿಯೋಲಾರ್ ಸಾಫ್ಟ್ ಪಾರ್ಟ್ ಸಾರ್ಕೋಮಾ ಹಿಂಗ ಕಾಣತೈತಿ, ಸಾವಕಾಶ ಬೆಳಿತೈತಿ, ಆದ್ರ ಪುಪ್ಪಸಕ್ಕ ಹರಡೋದ್ರಾಗ ಮುಂದು.

ಇನ್ನೊಂದು ಚಿತ್ರ ಮನಸ್ಸಿನ್ಯಾಗ ಇಟ್ಕೊಳ್ರಿ: ಎತ್ತರಕ್ಕ, ತೆಳ್ಳಗ ಇರೋ ಹುಡುಗ, ತುಟಿ ದಪ್ಪ, ನಾಲಿಗಿ ತುದಿ, ಬಾಜುಕ ಸಣ್ಣ ಸಣ್ಣ ಗಂಟು ಭಾಳ. ಇದು ಎಂಇಎನ್ 2ಬಿ (ಹಾರ್ಮೋನ್ ಗ್ರಂಥಿಗಳಾಗ ಗಂಟು ತರೋ ಜೀನ್ ದೋಷದ ರೋಗ) ಇರಬಹುದು, ಆ ಗಂಟಿನಿಂದ ಏನೂ ಆಗಂಗಿಲ್ಲ, ಆದ್ರ ಈ ಹುಡುಗರಿಗೆ ಥೈರಾಯ್ಡಿನ ಮೆಡುಲರಿ ಕಾರ್ಸಿನೋಮಾ ಸಣ್ಣ ವಯಸ್ಸಿನ್ಯಾಗ ಬರ್ತೈತಿ. ಗಂಟು ನೋಡಿದ ಡೆಂಟಿಸ್ಟ್ ಎಂಡೋಕ್ರಿನಾಲಜಿಸ್ಟ್ ಕಡೆ ಕಳಸಿ, ಕ್ಯಾಲ್ಸಿಟೋನಿನ್, ಆರ್‌ಇಟಿ ಜೀನ್ ಟೆಸ್ಟ್ ಆತಂದ್ರ ಒಂದು ಜೀವ ಉಳಿತೈತಿ.

ತುಟಿ. ಕೆಳತುಟಿ ಅಂದ್ರ ಮ್ಯೂಕೋಸೀಲ್. ಮ್ಯಾಲಿನ ತುಟ್ಯಾಗ ಮ್ಯೂಕೋಸೀಲ್ ಅಪರೂಪ, ಅಲ್ಲೆ ಗಟ್ಟಿ ಗಂಟು ಸಿಕ್ರ ಜೊಲ್ಲಿನ ಗ್ರಂಥಿದು ಅಂತ ತಿಳ್ಕೊಂಡ ನಡೀರಿ.

ಅಂಗಳ. ಗಟ್ಟಿ ಅಂಗಳ, ಮೆತ್ತನ ಅಂಗಳ ಕೂಡೋ ಕಡೆ, ಒಂದು ಬಾಜುಕ, ನೋವಿಲ್ಲದ ಉಬ್ಬು: ಪ್ಲಿಯೋಮಾರ್ಫಿಕ್ ಅಡಿನೋಮಾ (ಜೊಲ್ಲಿನ ಗ್ರಂಥಿಯ ಸಾಧು ಗಂಟು), ಮ್ಯೂಕೋಎಪಿಡರ್ಮಾಯ್ಡ್, ಅಡಿನಾಯ್ಡ್ ಸಿಸ್ಟಿಕ್ (ಇವೆರಡೂ ಅದ ಗ್ರಂಥಿಯ ಕ್ಯಾನ್ಸರ್), ಲಿಂಫೋಮಾ (ಲಿಂಫ್ ಜೀವಕೋಶದ ಕ್ಯಾನ್ಸರ್). ಇದನ್ನ ಹಲ್ಲಿನ ಕೀವು ಅಂತ ಕೊಯ್ಯೋದು ಭಾಳ ಹಳೀ ತಪ್ಪು. ಕೊಯ್ಯೋ ಮೊದಲ ಬಾಜೂಕಿನ ಹಲ್ಲು ಜೀವಂತ ಐತೇನು ಪರೀಕ್ಷೆ ಮಾಡ್ರಿ. ಕೆಂಪು-ನೇರಳೆ ಬಣ್ಣದ ಮಚ್ಚಿ ಇಲ್ಲಾ ಗಂಟು ಇದ್ರ ಕಪೋಸಿ ಸಾರ್ಕೋಮಾ (ರಕ್ತನಾಳದ ಕಡೆಯ ಕ್ಯಾನ್ಸರ್) ಇರಬಹುದು, ಒಪ್ಪಿಗಿ ತಗೊಂಡು, ತಿಳಿಸಿ ಹೇಳಿ ಎಚ್‌ಐವಿ ಪರೀಕ್ಷೆಗೆ ಕಳಸ್ರಿ.

ಗಲ್ಲದ ಒಳಗ. ಕಚ್ಚಿಕೊಂಡು ಆದ ಫೈಬ್ರೋಮಾ, ಲೈಪೋಮಾ ಜಾಸ್ತಿ. ಸಾಲಿಟರಿ ಫೈಬ್ರಸ್ ಟ್ಯೂಮರ್ ಬಾಯಾಗ ಬಂದ್ರ ಹೆಚ್ಚಾಗಿ ಇಲ್ಲೇ ಬರ್ತೈತಿ.

ಕೂಸು. ಹುಟ್ಟಿದ ಕೂಸಿನ ವಸಡಿನ ಮ್ಯಾಲೆ ದಂಟಿರೋ ಗುಲಾಬಿ ಗಂಟು, ಅದೂ ಹೆಣ್ಣು ಕೂಸು, ಮ್ಯಾಲಿನ ದವಡಿ ಅಂದ್ರ ಕಂಜೆನಿಟಲ್ ಎಪ್ಯುಲಿಸ್ ಇರಬಹುದು, ಅಂಜಿಸಬ್ಯಾಡ್ರಿ. ಆದ್ರ ಎರಡು-ಮೂರು ವರ್ಷದಿಂದ ಹತ್ತು ವರ್ಷದ ತನಕದ ಮಕ್ಕಳಿಗೆ ವಾರದಿಂದ ವಾರಕ್ಕ ಬೆಳಿಯೋ ಗಂಟು ಬಂತಂದ್ರ ಆಂಟಿಬಯಾಟಿಕ್ ಕೋರ್ಸ್ ಮ್ಯಾಲೆ ಕೋರ್ಸ್ ಕೊಡ್ಕೋತ ಕೂಡಬ್ಯಾಡ್ರಿ, ರಾಬ್ಡೋಮಯೋಸಾರ್ಕೋಮಾ (ಸ್ನಾಯುವಿನ ಕ್ಯಾನ್ಸರ್) ಅಲ್ಲ ಅಂತ ಖಾತ್ರಿ ಮಾಡ್ಕೊಳ್ರಿ.

## ಹಂತ 4: ರಕ್ತದ ಗಂಟು ಹೌದೋ ಅಲ್ಲೋ, ಆಮ್ಯಾಲೆ ಸ್ಕ್ಯಾನ್

ಗಾಜಿನ ಸ್ಲೈಡ್ ಗಂಟಿನ ಮ್ಯಾಲೆ ಒತ್ರಿ. ಬಣ್ಣ ಬಿಳಚಿಕೊಂಡ್ರ ಒಳಗ ರಕ್ತನಾಳ ಅವ ಅಂತ. ಬಿಳಚಲಿಲ್ಲ ಅಂದ ಮಾತ್ರಕ್ಕ ಪೂರ್ತಿ ನಂಬಬ್ಯಾಡ್ರಿ. ಬೆರಳಿಗೆ ಮಿಡಿತ ಸಿಗತೈತೇನು ನೋಡ್ರಿ, ಸ್ಟೆಥೋಸ್ಕೋಪ್ ಇಟ್ಟು ಸುಂಯ್ ಅನ್ನೋ ಸಪ್ಪಳ ಕೇಳ್ರಿ. ಮಿಡಿತ ಇಲ್ಲಾ ಸಪ್ಪಳ ಇದ್ರ ಅಲ್ಲಿಗೇ ನಿಲ್ಲಸ್ರಿ. ಸೂಜಿ ಬ್ಯಾಡ, ಬ್ಲೇಡ್ ಬ್ಯಾಡ, ಆ ಜಾಗಾದ ಅಲಗಾಡೋ ಹಲ್ಲು ಕೀಳೋದಂತೂ ಬ್ಯಾಡೇ ಬ್ಯಾಡ. ರಭಸದ ರಕ್ತ ಹರಿಯೋ ಆರ್ಟೀರಿಯೋವೀನಸ್ ಮಾಲ್‌ಫಾರ್ಮೇಷನ್ ಇದ್ದಲ್ಲೆ ಹಲ್ಲು ಕಿತ್ರ ಪೇಷಂಟ್ ಚೇರ್ ಮ್ಯಾಲೇ ಹೋಗಬಹುದು. ಹುಬ್ಬಳ್ಳಿಗೆ ಕಳಸ್ರಿ, ಡಾಪ್ಲರ್ (ರಕ್ತದ ಹರಿವು ತೋರಸೋ ಸ್ಕ್ಯಾನ್), ಆಂಜಿಯೋ (ರಕ್ತನಾಳದ ಚಿತ್ರ) ಅಲ್ಲೆ ಆಗಲಿ. ಮಿಡಿತ ಇಲ್ಲ, ಆದ್ರೂ ನೀಲಿ ಐತಿ ಅನುಮಾನ ಐತಿ ಅಂದ್ರ ಮೊದಲ ಡಾಪ್ಲರ್, ಆಮ್ಯಾಲೆ ದಪ್ಪ ಸೂಜಿಲೆ ಎಳದು ನೋಡೋದು.

ಹಲ್ಲಿನ ಬಾಜುಕ ಇದ್ರ ಐಓಪಿಎ (ಒಂದೆರಡು ಹಲ್ಲಿನ ಎಕ್ಸ್‌-ರೇ), ದೊಡ್ಡದಿದ್ರ ಓಪಿಜಿ (ಇಡೀ ದವಡಿ ಎಕ್ಸ್‌-ರೇ). ಎಲುಬು ತಿಂದೈತೋ, ಹಲ್ಲಿನ ಸುತ್ತಿನ ಲಿಗಮೆಂಟ್ ಗೆರಿ ಅಗಲ ಆಗೈತೋ ನೋಡ್ರಿ. ಎರಡು ಸೆಂಟಿಮೀಟರ್ ದಾಟಿದ್ದು, ಆಳಕ್ಕ ಹೋದದ್ದು, ಅಂಟಿಕೊಂಡದ್ದು ಇದ್ರ ಕಾಂಟ್ರಾಸ್ಟ್ ಎಂಆರ್‌ಐ. ಅದು ತುಂಡು ತಗಿಯೋ ಮೊದಲ ಆಗಬೇಕು, ಇದನ್ನ ಹತ್ತು ಸಲ ಹೇಳಿದ್ರೂ ಕಡಿಮಿ. ಕೊಯ್ದಮ್ಯಾಲೆ ರಕ್ತ, ಬಾವು ತುಂಬಿ ಗಂಟಿನ ಖರೆ ಅಂಚು ಕಾಣಂಗಿಲ್ಲ, ಸರ್ಜನ್‌ಗೆ ಎಷ್ಟು ತಗೀಬೇಕು ಅನ್ನೋದ ತಿಳಿಯಂಗಿಲ್ಲ. ರೊಕ್ಕದ ತೊಂದರಿ ಇದ್ದವ್ರಿಗೆ ಕನಿಷ್ಠ ಒಂದು ಅಲ್ಟ್ರಾಸೌಂಡ್ ಆದ್ರೂ ಮಾಡಸ್ರಿ.

ಎಫ್‌ಎನ್‌ಎಸಿ (ಸಣ್ಣ ಸೂಜಿಲೆ ಜೀವಕೋಶ ಎಳದು ನೋಡೋದು) ಬಗ್ಗೆ ಒಂದು ಮಾತು. ಕುತ್ತಿಗಿ ಗ್ರಂಥಿಗೆ, ಜೊಲ್ಲಿನ ಗ್ರಂಥಿಗೆ ಛಲೋ. ಉದ್ದುದ್ದ ಜೀವಕೋಶದ ಗಂಟಿಗೆ ಅದು ಸಾಲಂಗಿಲ್ಲ, "ಸ್ಪಿಂಡಲ್ ಸೆಲ್ ಲೀಷನ್" ಅಂತ ಬರದು ಕಳಸ್ತಾರ, ನೀವು ಇದ್ದಲ್ಲೇ ಇರ್ತೀರಿ.

## ಹಂತ 5: ಪೂರ್ತಿನೋ, ತುಂಡೋ?

ಒಂದು ಸೆಂಟಿಮೀಟರ್ ಒಳಗ ಇದ್ದು, ಮ್ಯಾಲೇ ಇದ್ದು, ಅಲಗಾಡತಿದ್ದು, ಸಾಧು ಅನಿಸಿದ್ರ ಪೂರ್ತಿ ತಗದು ಕಳಸ್ರಿ. ಅದಕ್ಕಿಂತ ದೊಡ್ಡದು, ಆಳದ್ದು, ವೇಗದ್ದು, ಅಥವಾ ನಿಮಗ ಒಂದು ಚೂರು ಅನುಮಾನ ಬಂದದ್ದು ಇದ್ರ ತುಂಡು ಮಾತ್ರ.

"ಪೂರ್ತಿ ತಗದ್ರ ಪೇಷಂಟ್‌ಗೆ ಒಂದ ಸಲಕ್ಕ ಮುಗಿತೈತಲ್ಲ ಸರ್" ಅಂತ ಕೇಳ್ತಾರ. ಸಾಧು ಗಂಟಿದ್ರ ಮುಗಿತೈತಿ. ಸಾರ್ಕೋಮಾ ಇದ್ರ ನೀವು ಗಂಟು ಒಡದು, ಅದರ ಜೀವಕೋಶನ ಸುತ್ತಲಿನ ಪದರಕ್ಕ ಹರಡಿ, ಅಂಚು ಅಳಸಿ ಹಾಕಿರ್ತೀರಿ, ಮುಂದಿನ ಸರ್ಜನ್ ಮೊದಲಿಗಿಂತ ಎಷ್ಟೋ ಜಾಸ್ತಿ ತಗೀಬೇಕಾಗ್ತೈತಿ. ಈ ತಪ್ಪು ಡೆಂಟಿಸ್ಟ್‌ಗಳದ್ದಷ್ಟ ಅಲ್ಲ, ದೊಡ್ಡ ದೊಡ್ಡ ಆಪರೇಷನ್ ಥಿಯೇಟರ್‌ನ್ಯಾಗೂ ಆಗ್ತೈತಿ.

ಕರೀ ಮಚ್ಚಿ, ಆಳದ ಗಂಟು, ಮಕ್ಕಳ ವೇಗದ ಗಂಟು, ಈ ಮೂರನ್ನ ನಿಮ್ಮಲ್ಲೇ ತುಂಡು ತಗಿಯೋದಕ್ಕಿಂತ ಮುಂದಿನ ಚಿಕಿತ್ಸೆ ಮಾಡೋರ ಕಡೆನ ಕಳಸೋದು ಒಳ್ಳೇದು, ಯಾಕಂದ್ರ ತುಂಡು ತಗದ ಗೆರಿನೂ ಮುಂದಿನ ಆಪರೇಷನ್‌ನ್ಯಾಗ ತಗೀಬೇಕಾಗ್ತೈತಿ, ಆ ಗೆರಿ ಎಲ್ಲೆ ಇರಬೇಕು ಅಂತ ಅವ್ರಿಗೆ ಗೊತ್ತಿರ್ತೈತಿ.

## ಹಂತ 6: ತುಂಡು ತಗಿಯೋದು

ಅನಸ್ತೇಷಿಯಾ ಇಂಜೆಕ್ಷನ್ ಗಂಟಿನ ಒಳಗ ಹಾಕಬ್ಯಾಡ್ರಿ. ಬ್ಲಾಕ್ ಕೊಡ್ರಿ, ಇಲ್ಲಾ ಒಂದು ಸೆಂಟಿಮೀಟರ್ ದೂರ ಸುತ್ತಲೂ ಕೊಡ್ರಿ. ಒಳಗ ಹಾಕಿದ್ರ ನೀರು ತುಂಬಿ ಜೀವಕೋಶ ಚದುರಿ ನಮಗ ಓದಾಕ ಬರಂಗಿಲ್ಲ.

ಬ್ಲೇಡ್ ಉಪಯೋಗಿಸ್ರಿ, ಕಾಟರಿ (ಕರೆಂಟಿಲೆ ಸುಡೋ ಸಾಧನ), ಲೇಸರ್ ಬ್ಯಾಡ. ಸಣ್ಣ ತುಂಡಿಗೆ ಕಾಟರಿ ಹಚ್ಚಿದ್ರ ಸುಟ್ಟ ಅಂಚು ಬಿಟ್ರ ಏನೂ ಉಳಿಯಂಗಿಲ್ಲ. ರಕ್ತ ನಿಲ್ಲಸಾಕ ಬೇಕಂದ್ರ ತುಂಡು ಹೊರಗ ಬಂದಮ್ಯಾಲೆ ಹಚ್ರಿ.

ಹಲ್ಲಿರೋ ಫೋರ್ಸೆಪ್ಸಿಲೆ ಗಟ್ಟಿ ಒತ್ತಿ ಹಿಡದ್ರ ತುಂಡು ಜಜ್ಜಿ ಹೋಗ್ತೈತಿ. ಅದರ ಬದಲಿ ಗಂಟಿಗೆ ಒಂದು ಸಿಲ್ಕ್ ಹೊಲಿಗಿ ಹಾಕಿ ಅದರಿಂದ ಎತ್ತಿ ಹಿಡೀರಿ. ಅದ ದಾರ ಆಮ್ಯಾಲೆ ದಿಕ್ಕು ತೋರಸಾಕೂ ಬರ್ತೈತಿ, "ದಾರ ಇರೋದು ಮುಂದಿನ ಕಡೆ" ಅಂತ ಚೀಟ್ಯಾಗ ಬರದ್ರಾತು.

ಈಗ ಮುಖ್ಯ ವಿಷಯ, ಆಳ. ನಾವು ಹುಡಕಾಕತ್ತಿರೋ ಗಂಟು ಚರ್ಮದ್ದಲ್ಲ, ಅದರ ಕೆಳಗಿಂದು. ಮ್ಯಾಲಿನ ಪದರ ಅಷ್ಟ ಬಂತಂದ್ರ ಮುಚ್ಚಳ ಕಳಸಿದಂಗ, ಡಬ್ಬ್ಯಾಗ ಏನೈತಿ ನಮಗ ತಿಳಿಯಂಗಿಲ್ಲ. ರಿಪೋರ್ಟ್ "ಫೈಬ್ರೋಸಿಸ್, ನಾನ್ ಸ್ಪೆಸಿಫಿಕ್ ಇನ್‌ಫ್ಲಮೇಷನ್" ಅಂತ ಬರ್ತೈತಿ, ನೀವು ಖುಷಿ ಪಡ್ತೀರಿ, ಗಂಟು ಬೆಳೀತಾ ಹೋಗ್ತೈತಿ. ಚರ್ಮ ಕೊಯ್ದು, ಗಂಟು ಕಣ್ಣಿಗೆ ಬಿದ್ದಮ್ಯಾಲೆ ಗಂಟಿನಿಂದ ತುಂಡು ತಗೀರಿ, ಕನಿಷ್ಠ ಐದಾರು ಮಿಲಿಮೀಟರ್. ಅಗಲಕ್ಕಿಂತ ಆಳ ಜಾಸ್ತಿ ಇರಲಿ. ಹುಣ್ಣಾಗಿದ್ರ ನಡುವಿನ ಕೊಳತ ಭಾಗ ಬ್ಯಾಡ, ಅಂಚಿನಿಂದ, ಜೀವ ಇರೋ ಕಡೆಯಿಂದ ತಗೀರಿ. ದೊಡ್ಡ ಗಂಟು, ಬ್ಯಾರೆ ಬ್ಯಾರೆ ಕಡೆ ಬ್ಯಾರೆ ಬ್ಯಾರೆ ಬಣ್ಣ ಇದ್ರ ಎರಡು ಮೂರು ತುಂಡು, ಒಂದೊಂದಕ್ಕ ಒಂದೊಂದು ಡಬ್ಬಿ.

ಎಲುಬಿನ ಚೂರು ಬಂದಿದ್ರ ಅದನ್ನ ಬ್ಯಾರೆ ಡಬ್ಬ್ಯಾಗ ಹಾಕ್ರಿ. ಎಲುಬು ಮೆತ್ತಗ ಮಾಡಾಕ ಆಸಿಡ್ ಬಳಸ್ತಾರ, ಆ ಆಸಿಡ್‌ನ್ಯಾಗ ಬಿದ್ದ ತುಂಡಿನ ಮ್ಯಾಲೆ ಮುಂದ ಜೀನ್ ಟೆಸ್ಟ್ ಸರಿ ಬರಂಗಿಲ್ಲ.

## ಹಂತ 7: ಡಬ್ಬಿ ಮತ್ತ ಫಾರ್ಮಲಿನ್

ತುಂಡು ತಗದ ಮರುಕ್ಷಣ ಫಾರ್ಮಲಿನ್‌ಗೆ. ತುಂಡಿನ ಗಾತ್ರದ ಹತ್ತರಿಂದ ಇಪ್ಪತ್ತು ಪಟ್ಟು ಫಾರ್ಮಲಿನ್ ಇರಲಿ. ಅಂಗಡ್ಯಾಗ ಸಿಗೋ ಗಟ್ಟಿ ಫಾರ್ಮಲಿನ್ ಹಂಗ ಹಾಕಬ್ಯಾಡ್ರಿ, ಒಂದು ಪಾಲಿಗೆ ಒಂಬತ್ತು ಪಾಲು ನೀರು, ಅದೂ ಬಫರ್ ಸಾಲ್ಟ್ ಹಾಕಿದ್ದು. ತಯಾರ ಸಿಗತೈತಿ, ಅದನ್ನ ತಗೋರಿ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಸಲೈನ್, ಲಿಗ್ನೋಕೇನ್ ಬಾಟ್ಲಿ, ಇವು ಯಾವೂ ಫಾರ್ಮಲಿನ್ ಅಲ್ಲ. ಲೈಪೋಮಾ ಇದ್ರ ಫಾರ್ಮಲಿನ್ ಮ್ಯಾಲೆ ತೇಲತೈತಿ, ಅದೂ ಒಂದು ಸುಳಿವ, ತೇಲಿದ್ದು ಕಂಡ್ರ ಬರದು ಕಳಸ್ರಿ.

ಫಾರ್ಮಲಿನ್ ತಾಸಿಗೆ ಒಂದು ಮಿಲಿಮೀಟರ್ ಲೆಕ್ಕದಾಗ ಒಳಗ ಇಳಿತೈತಿ, ಹಿಂಗಾಗಿ ದಪ್ಪ ಗಂಟು ಇಡೀದು ಹಾಕಿದ್ರ ನಡುಭಾಗ ಕೊಳಿತೈತಿ. ದೊಡ್ಡದು ಬಂದಿದ್ರ ಪೆಥಾಲಜಿಗೆ ಫೋನ್ ಮಾಡಿ ಕೇಳ್ರಿ, ಆವತ್ತ ಕಳಸ್ರಿ. ಐಎಚ್‌ಸಿ (ಜೀವಕೋಶದ ಮೂಲ ಗುರುತಿಸೋ ವಿಶೇಷ ಬಣ್ಣದ ಪರೀಕ್ಷೆ, ಹಂತ 9ರಾಗ ಐತಿ) ಬೇಕಾಗಬಹುದು ಅಂದ್ರ ತುಂಡು ಫಾರ್ಮಲಿನ್‌ನ್ಯಾಗ ಆರು ತಾಸಿಗಿಂತ ಕಡಿಮಿ ಇರಬಾರದು, ಮೂರು ದಿನ ದಾಟಬಾರದು. ಶುಕ್ರವಾರ ತಗದು ಬುಧವಾರ ಕಳಸೋದು ಅದಕ್ಕ ಬ್ಯಾಡ ಅನ್ನೋದು.

ಹೆಸರು, ವಯಸ್ಸು, ಜಾಗಾ, ತಾರೀಖು ಡಬ್ಬಿ ಮೈಮ್ಯಾಲೆ ಬರೀರಿ, ಮುಚ್ಚಳದ ಮ್ಯಾಲೆ ಬ್ಯಾಡ. ಲ್ಯಾಬ್‌ನ್ಯಾಗ ಮುಚ್ಚಳ ಎಲ್ಲಾ ಒಂದ ಕಡೆ ಕೂಡತಾವ. ಪೇಷಂಟ್ ಕೈಯಾಗ ಬಸ್ಸಿನ್ಯಾಗ ಕಳಸೋದಿದ್ರ ಡಬ್ಬಿ ಟೇಪ್ ಸುತ್ತಿ, ಪ್ಲಾಸ್ಟಿಕ್ ಚೀಲ ಎರಡು ಹಾಕಿ, ಇದು ವಿಷ, ಮಕ್ಕಳ ಕೈಗೆ ಕೊಡಬ್ಯಾಡ್ರಿ ಅಂತ ತಿಳಿಸಿ ಹೇಳ್ರಿ. ಫ್ರೀಜರ್‌ನ್ಯಾಗ ಇಡೋದಂತೂ ಪೂರ್ತಿ ತಪ್ಪು.

ಲಿಂಫೋಮಾ ಅನುಮಾನ ಇದ್ರ ಕೊಯ್ಯೋ ಮೊದಲ ಲ್ಯಾಬಿಗೆ ಫೋನ್ ಮಾಡ್ರಿ, ಒಂದು ಭಾಗ ಹಸೀದ (ಫಾರ್ಮಲಿನ್ ಹಾಕದ್ದು) ಬೇಕಂತ ಕೇಳಬಹುದು.

## ಹಂತ 8: ಚೀಟಿ

ಮೈಕ್ರೋಸ್ಕೋಪ್‌ನ್ಯಾಗ ಬಾಯಿ ಕಾಣಂಗಿಲ್ಲ, ಜೀವಕೋಶ ಕಾಣತಾವ. ಉಳಿದದ್ದು ನೀವ ಹೇಳಬೇಕು. ಹಿಂಗ ಬರದ್ರ ಸಾಕು:

"ಗಂಡಸು, 34 ವರ್ಷ. ನಾಲಿಗಿ ಮ್ಯಾಲ್ಭಾಗ, ಬಲಕ್ಕ, ತುದಿಯಿಂದ 3 ಸೆಂ.ಮೀ. ಹಿಂದ. 14 × 11 ಮಿ.ಮೀ., ಅಗಲ ಬುಡ, ಗಟ್ಟಿ, ನೋವಿಲ್ಲ, ಹುಣ್ಣಿಲ್ಲ, ಸ್ವಲ್ಪ ಅಲಗಾಡತೈತಿ. 8 ತಿಂಗಳು, ಸಾವಕಾಶ. ಗುಟ್ಕಾ ಐತಿ. ಕುತ್ತಿಗಿ ಗ್ರಂಥಿ ಸಿಗಲಿಲ್ಲ. ಅಲ್ಟ್ರಾಸೌಂಡ್ ಆಗೈತಿ, ಪ್ರತಿ ಲಗತ್ತಿಸೈತಿ. ತುಂಡು ಮಾತ್ರ ತಗದೈತಿ, ಗಂಟು ಇನ್ನೂ ಬಾಯಾಗ ಐತಿ. ಅನುಮಾನ: ಗ್ರಾನ್ಯುಲರ್ ಸೆಲ್ ಟ್ಯೂಮರ್, ಶ್ವಾನೋಮಾ, ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ."

ಗಂಟು ಪೂರ್ತಿ ತಗದ್ರೋ ತುಂಡೋ ಅನ್ನೋದು ಅರ್ಧಕ್ಕರ್ಧ ಚೀಟ್ಯಾಗ ಇರಂಗಿಲ್ಲ, ಅದಿಲ್ಲದ ಅಂಚಿನ ಬಗ್ಗೆ ನಾವು ಏನ ಬರದ್ರೂ ವ್ಯರ್ಥ. ನಿಮ್ಮ ಫೋನ್ ನಂಬರ್ ಬರೀರಿ. ಹಿಂದ ಎಲ್ಲೆರ ಬಯಾಪ್ಸಿ ಆಗಿದ್ರ ಆ ರಿಪೋರ್ಟ್ ಲಗತ್ತಿಸ್ರಿ.

## ಹಂತ 9: ರಿಪೋರ್ಟ್ ಓದೋದು

ಮೊದಲ ಬರೋದು ಎಚ್ ಅಂಡ್ ಇ (ಮಾಮೂಲಿ ಬಣ್ಣ ಹಾಕಿದ) ಸ್ಲೈಡಿನ ರಿಪೋರ್ಟ್. ಅದರಾಗ ಹೆಸರು ಸಿಕ್ರ ಮುಗೀತು. "ಸ್ಪಿಂಡಲ್ ಸೆಲ್ ನಿಯೋಪ್ಲಾಸಂ, ಅಡ್ವೈಸ್ಡ್ ಐಎಚ್‌ಸಿ" ಅಂತ ಬಂದ್ರ ಅದು ಡಯಾಗ್ನೋಸಿಸ್ ಅಲ್ಲ, ಅರ್ಧ ದಾರಿ. ಅಲ್ಲಿಗೇ ನಿಲ್ಲಸಿ "ಮತ್ತ ಬಂದ್ರ ನೋಡೂಣು" ಅನ್ನೋದು ಭಾಳ ಮಂದಿ ಮಾಡೋ ತಪ್ಪು.

ಐಎಚ್‌ಸಿ ಅಂದ್ರ ಜೀವಕೋಶ ಯಾವ ಮನಿತನದ್ದು ಅಂತ ಬಣ್ಣ ಹಾಕಿ ಕೇಳೋದು. ಎಸ್100, ಸಾಕ್ಸ್10 ಹತ್ತಿದ್ರ ನರದ ಕಡೇದು ಇಲ್ಲಾ ಮೆಲನೋಮಾ. ಡೆಸ್ಮಿನ್ ಸ್ನಾಯು, ಅದರ ಜೊತಿ ಮಯೋಜೆನಿನ್ ಹತ್ತಿದ್ರ ರಾಬ್ಡೋಮಯೋಸಾರ್ಕೋಮಾ. ಸಿಡಿ31, ಇಆರ್‌ಜಿ ರಕ್ತನಾಳ, ಎಚ್‌ಎಚ್‌ವಿ8 ಕಪೋಸಿ. ಸಿಡಿ34 ಜೊತಿ ಸ್ಟಾಟ್6 ಹತ್ತಿದ್ರ ಸಾಲಿಟರಿ ಫೈಬ್ರಸ್ ಟ್ಯೂಮರ್. ಟಿಎಫ್‌ಇ3 ಆಲ್ವಿಯೋಲಾರ್ ಸಾಫ್ಟ್ ಪಾರ್ಟ್ ಸಾರ್ಕೋಮಾದಾಗ ಹತ್ತತೈತಿ, ಗ್ರಾನ್ಯುಲರ್ ಸೆಲ್ ಟ್ಯೂಮರ್‌ನ್ಯಾಗೂ ಹತ್ತಬಹುದು, ಅದಕ್ಕ ಒಂದ ಬಣ್ಣದ ಮ್ಯಾಲೆ ತೀರ್ಪು ಕೊಡಬಾರದು. ಕೂಸಿನ ಕಂಜೆನಿಟಲ್ ಎಪ್ಯುಲಿಸ್ ನೋಡಾಕ ಗ್ರಾನ್ಯುಲರ್ ಸೆಲ್ ಟ್ಯೂಮರ್ ಹಂಗ ಇದ್ರೂ ಅದಕ್ಕ ಎಸ್100 ಹತ್ತಂಗಿಲ್ಲ.

ಎಲ್ಲಾದಕ್ಕಿಂತ ಮೊದಲ ಕೇಳಬೇಕಾದ್ದು ಸೈಟೋಕೆರಟಿನ್ (ಮ್ಯಾಲ್ಪದರದ ಜೀವಕೋಶ, ಅಂದ್ರ ಕಾರ್ಸಿನೋಮಾ ಗುರುತಿಸೋ ಬಣ್ಣ). ತಂಬಾಕು ತಿನ್ನೋ ದೊಡ್ಡವರ ಬಾಯಾಗ ಉದ್ದ ಜೀವಕೋಶದ ಕೆಟ್ಟ ಗಂಟು ಬಂತಂದ್ರ ಅದು ಸಾರ್ಕೋಮಾ ಆಗಿರೋದಕ್ಕಿಂತ ಸಾರ್ಕೋಮಾದ ವೇಷ ಹಾಕಿದ ಸ್ಪಿಂಡಲ್ ಸೆಲ್ ಕಾರ್ಸಿನೋಮಾ ಆಗಿರೋ ಸಾಧ್ಯತಿ ಹೆಚ್ಚು. ಸೈಟೋಕೆರಟಿನ್ ಹತ್ತಲಿಲ್ಲ ಅಂದ್ರೂ ಅದ ಕೆಲಸದ ಪಿ63, ಪಿ40 ನೋಡ್ರಿ, ಮ್ಯಾಲಿನ ಚರ್ಮದಾಗ ಡಿಸ್‌ಪ್ಲೇಸಿಯಾ (ಕ್ಯಾನ್ಸರ್‌ಗಿಂತ ಮೊದಲಿನ ಬದಲಾವಣಿ) ಐತೇನು ಕೇಳ್ರಿ.

ಅದಕ್ಕೂ ತಿಳಿಯದಿದ್ರ ಜೀನ್ ಟೆಸ್ಟ್. ಸೈನೋವಿಯಲ್ ಸಾರ್ಕೋಮಾದಾಗ ಎಸ್‌ಎಸ್18 ಜೀನ್ ಮುರದು ಬ್ಯಾರೇದಕ್ಕ ಕೂಡಿರ್ತೈತಿ, ಅದನ್ನ ಫಿಶ್ ಟೆಸ್ಟ್‌ನ್ಯಾಗ ಹಿಡೀತಾರ. ಇದು ಎಲ್ಲಾ ಕಡೆ ಆಗಂಗಿಲ್ಲ, ತುಂಡು ಕೂಡಿಸಿಟ್ಟ ಮೇಣದ ಬ್ಲಾಕ್ ದೊಡ್ಡ ಸೆಂಟರಿಗೆ ಕಳಸಬೇಕಾಗ್ತೈತಿ.

ರಿಪೋರ್ಟ್ ಒಂದು ಹೇಳತೈತಿ, ಬಾಯಾಗಿನ ಗಂಟು ಇನ್ನೊಂದು ಹೇಳತೈತಿ ಅಂದ್ರ ಗಂಟನ್ನ ನಂಬ್ರಿ. ಪೆಥಾಲಜಿಸ್ಟ್‌ಗೆ ಫೋನ್ ಹಚ್ರಿ, "ಸರ್, ಇದು ತಿಂಗಳದಾಗ ಎರಡು ಪಟ್ಟು ಆಗೈತಿ, ಫೈಬ್ರೋಸಿಸ್ ಅಂತ ಬಂದೈತಿ, ಹೊಂದಂಗಿಲ್ಲ" ಅನ್ರಿ. ಯಾರೂ ಸಿಟ್ಟಿಗೇಳಂಗಿಲ್ಲ, ಎದ್ರೂ ಎದ್ಕೊಳ್ಳಿ. ಇನ್ನಷ್ಟು ಆಳ ಕಟ್ ಮಾಡಿ ನೋಡ್ತಾರ, ಇಲ್ಲಾ ಮತ್ತ ತುಂಡು ಕೇಳ್ತಾರ.

## ಅಪಾಯದ ಗುರುತು

ಕೆಳಗಿನ ಒಂದರ ಇದ್ರ ತಡ ಮಾಡಬ್ಯಾಡ್ರಿ:

- ವಾರಗಳ ಲೆಕ್ಕದಾಗ ಬೆಳಿಯೋದು
- ಏನೂ ಕಾರಣ ಇಲ್ಲದ ತುಟಿ, ಗದ್ದ ಜೋಮು ಹಿಡಿಯೋದು, ನಾಲಿಗಿ ಒಂದು ಕಡೆ ವಾಲೋದು
- ಹಲ್ಲು ಕಿತ್ತ ಗುಣಿಯಿಂದ ಮಾಂಸ ಬೆಳದು ಹೊರಗ ಬರೋದು
- ವಸಡು ಗಟ್ಟಿ ಇದ್ದೂ ಒಂದ ಕಡೆ ಹಲ್ಲು ಅಲಗಾಡೋದು
- ಕೆಳಗ ಅಂಟಿಕೊಂಡ, ಗಟ್ಟಿ ಗಂಟು, ಜೊತಿಗೆ ಕುತ್ತಿಗ್ಯಾಗ ಗ್ರಂಥಿ
- ತಗದಮ್ಯಾಲೆ ಅದ ಜಾಗಾದಾಗ ಮತ್ತ ಬಂದದ್ದು
- ಹಿಂದ ಕ್ಯಾನ್ಸರ್ ಆದವ್ರ ಬಾಯಾಗ ಹೊಸ ಗಂಟು

ನೋವು ಇಲ್ಲ ಅನ್ನೋದು ಸಮಾಧಾನದ ಮಾತಲ್ಲ. ಕೆಟ್ಟ ಗಂಟು ಮೊದಮೊದಲ ನೋಯಂಗಿಲ್ಲ, ನೋವಿಲ್ಲ ಅಂತ ಮಂದಿ ಬರಂಗಿಲ್ಲ.

## ಹಂತ 10: ಕಳಸೋದು, ಹಿಂದ ಬಿದ್ದು ನೋಡೋದು

ಧಾರವಾಡ ಸತ್ತೂರಿನ ಎಸ್‌ಡಿಎಂ ಡೆಂಟಲ್ ಕಾಲೇಜು, ಹುಬ್ಬಳ್ಳಿ ಕಿಮ್ಸ್ (ಈಗ ಕೆಎಂಸಿಆರ್‌ಐ), ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ನಮಗ ಹತ್ರ. ಗದಗ, ಹಾವೇರಿಯವ್ರಿಗೆ ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜಿನ್ಯಾಗ ಮೊದಲ ತೋರಿಸಬಹುದು. ಸಾರ್ಕೋಮಾ ಅಂತ ಖಾತ್ರಿ ಆದ್ರ ಪುಪ್ಪಸದ ಸಿಟಿ ಆಗಬೇಕು, ಸರ್ಜನ್, ರೇಡಿಯೇಷನ್, ಕೀಮೋ ಮೂವರೂ ಕೂತು ನೋಡೋ ಕಡೆ ಹೋಗಬೇಕು, ಬೇಕಾದ್ರ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಬಿಪಿಎಲ್ ಕಾರ್ಡ್ ಇದ್ದವ್ರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಸೌಲತ್ತಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲ ಮಾಡಿಸ್ಕೊಂಡ್ರ ಓಡಾಟ ಉಳಿತೈತಿ.

ಪೇಷಂಟ್ ಕೈಯಾಗ ಬರೇ ರಿಪೋರ್ಟ್ ಕೊಟ್ಟು ಕಳಸಬ್ಯಾಡ್ರಿ, ಸ್ಲೈಡ್, ಮೇಣದ ಬ್ಲಾಕ್, ಸ್ಕ್ಯಾನ್ ಸಿಡಿ, ಮೊದಲ ತಗದ ಫೋಟೋ ಎಲ್ಲಾ ಕೊಡ್ರಿ. ಬ್ಲಾಕ್ ಇಲ್ಲದ ಹೋದ್ರ ಮತ್ತ ತುಂಡು ತಗೀತಾರ. "ಕ್ಯಾನ್ಸರ್ ಅಂತ ಹೇಳಬ್ಯಾಡ್ರೀ ಸರ, ಅವ್ವ ಅಂಜತಾಳ" ಅಂತ ಮಗ ಬಾಗಲದಾಗ ನಿಂತು ಕೇಳ್ತಾನ. ಖಾತ್ರಿ ಆಗೋ ತನಕ ಹೆಸರು ಹೇಳಬ್ಯಾಡ್ರಿ, ಆದ್ರ "ಯವ್ವಾ, ಇದನ್ನ ಹಂಗ ಬಿಡಾಕ ಬರಂಗಿಲ್ಲ, ಈ ವಾರದಾಗ ಹುಬ್ಬಳ್ಳಿಗೆ ಹೋಗಬೇಕು" ಅನ್ನೋದನ್ನ ಪೇಷಂಟ್‌ಗ ನೇರ ಹೇಳ್ರಿ.

ಒಂದು ರಿಜಿಸ್ಟರ್ ಇಡ್ರಿ: ಹೆಸರು, ಊರು, ಫೋನ್, ಎಂದು ಕಳಸಿದ್ದು, ರಿಪೋರ್ಟ್ ಏನು, ಹೋದ್ರೋ ಇಲ್ಲೋ. ಎಂಟು ದಿನಕ್ಕ ಒಂದು ಫೋನ್ ಮಾಡ್ರಿ, ಎತ್ತದಿದ್ರ ಆ ಊರಿನ ಆಶಾ ಕಾರ್ಯಕರ್ತೆಯರ ಮುಖಾಂತರ ಹೇಳಿ ಕಳಸ್ರಿ. ಸಾಧು ಗಂಟು ತಗದವ್ರನ್ನೂ ಒಂದು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕ ಕರದು ಅದ ಜಾಗಾ ಮತ್ತ ಮುಟ್ಟಿ ನೋಡ್ರಿ, ಹಳೀ ಫೋಟೋ ಬಾಜುಕ ಇಟ್ಕೊಂಡು.